ಅಲೆ ಅಳೆಯಲು ಯಾವ ಬೋಯ್? ಸೆಂಟಿಮೀಟರ್ ಆಮೇಲೆ, ಮೊದಲು ಸೆಕೆಂಡು ಕೇಳಿ

ಅಲೆ ಅಳೆಯುವ ಬೋಯ್, ಅಂದರೆ ಕಡಲಲ್ಲಿ ತೇಲಿಬಿಡುವ ಅಳತೆ ಸಾಧನ, ಕೊಳ್ಳಲು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟು ಸೆಂಟಿಮೀಟರ್ ಕರೆಕ್ಟಾಗಿ ತೋರಿಸುತ್ತದೆ?" ನಾನು ತಿರುಗಿ ಕೇಳುವುದೂ ಒಂದೇ. ನಿಮಗೆ ಎಷ್ಟು ಸೆಕೆಂಡಿನ ಅಲೆ ಬೇಕು? ಅಲ್ಲಿಗೆ ಮಾತು ನಿಂತುಹೋಗುತ್ತದೆ. ಕಂಪನಿಯ ಹಾಳೆಯಲ್ಲಿ ಸೆಂಟಿಮೀಟರ್ ದಪ್ಪಕ್ಷರದಲ್ಲಿರುತ್ತದೆ, ಸೆಕೆಂಡು ಕೊನೆಯ ಪುಟದ ಸಣ್ಣಕ್ಷರದಲ್ಲಿ. ಅದನ್ನು ಓದುವವರು ಯಾರು?

ಓದಬೇಕು. ತೇಲುವ ವಸ್ತು ಅಲೆಯನ್ನು ನೇರವಾಗಿ ಅಳೆಯುವುದಿಲ್ಲ, ತಾನು ಹೇಗೆ ಕುಣಿದೆ ಅನ್ನುವುದನ್ನಷ್ಟೇ ಹೇಳುತ್ತದೆ. ಆ ಕುಣಿತದಿಂದ ಅಲೆ ಹೇಗಿತ್ತು ಅಂತ ನಾವು ಲೆಕ್ಕ ಹಾಕಬೇಕು. ಯಾವ ಅಲೆಗೆ ಅದು ಕುಣಿಯುತ್ತದೆ, ಯಾವುದಕ್ಕೆ ಸುಮ್ನೆ ಕೂರುತ್ತದೆ, ಒಳಗಿನ ಎಲೆಕ್ಟ್ರಾನಿಕ್ ಚಿಪ್ಪಿಗೆ ಯಾವ ಕುಣಿತ ಕೇಳಿಸುತ್ತದೆ ಅನ್ನುವುದೆಲ್ಲ ಅಲೆಯ ಅವಧಿಯ ಮೇಲೆ ನಿಂತಿದೆ. ಅವಧಿ ಅಂದರೆ ಒಂದು ಏರಿನಿಂದ ಮುಂದಿನ ಏರಿಗೆ ಎಷ್ಟು ಸೆಕೆಂಡು ಅನ್ನುವುದು.

ಮೊದಲು ಎತ್ತರದ ವಿಷಯ ಮುಗಿಸಿಬಿಡೋಣ. ವರದಿಯಲ್ಲಿ "ಅಲೆ 3 ಮೀಟರ್" ಅಂತ ಬಂದರೆ ಅದು ಯಾವುದೋ ಒಂದು ಅಲೆಯ ಎತ್ತರ ಅಲ್ಲ. ಹಾದುಹೋದ ಅಲೆಗಳಲ್ಲಿ ದೊಡ್ಡವು ಮೂರನೇ ಒಂದು ಭಾಗ ಆರಿಸಿ, ಅವುಗಳ ಸರಾಸರಿ ತೆಗೆದದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಗರ ವಿಜ್ಞಾನಿಗಳಾದ ಸ್ವೆರ್ಡ್ರಪ್ ಮತ್ತು ಮಂಕ್ ರೂಢಿಗೆ ತಂದ ಅಳತೆ ಇದು. ಅನುಭವಿ ತಾಂಡೇಲ (ದೋಣಿ ನಡೆಸುವ ಮುಖ್ಯಸ್ಥ) ಕಣ್ಣಳತೆಯಲ್ಲಿ ಹೇಳುವ ಎತ್ತರವೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ಈಗಿನ ಬೋಯ್‌ಗಳು ಅಲೆಗಳನ್ನು ಒಂದೊಂದಾಗಿ ಎಣಿಸುತ್ತಾ ಕೂರುವುದಿಲ್ಲ. ನೀರಿನ ಮಟ್ಟ ಸರಾಸರಿಯಿಂದ ಎಷ್ಟು ಏರುಪೇರಾಗಿದೆ ಅಂತ ನೋಡಿ, ಆ ಏರುಪೇರಿನ ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನು (ಏರುಪೇರು ಸಾಮಾನ್ಯವಾಗಿ ಎಷ್ಟು ಅನ್ನುವ ಲೆಕ್ಕ) ನಾಲ್ಕರಿಂದ ಗುಣಿಸುತ್ತವೆ. ಅಷ್ಟೇ ಕಥೆ. 3 ಮೀಟರ್ ಅಂತ ಬರೆದಿರುವ ಕಡಲಿನಲ್ಲಿ ಕೆಲವು ಗಂಟೆ ನಿಂತರೆ ಸುಮಾರು ಎರಡು ಪಟ್ಟು ಎತ್ತರದ ಅಲೆಯೂ ಒಂದು ಬಂದುಹೋಗುತ್ತದೆ. ಇದು ಗೊತ್ತಿರಲಿ.

ಈಗ ಸೆಂಟಿಮೀಟರ್ ಯಾಕೆ ಅಷ್ಟು ಮುಖ್ಯ ಅಲ್ಲ ಅಂತ ಹೇಳುತ್ತೇನೆ. ಅರ್ಧ ಗಂಟೆ ಅಳೆದರೆ 10 ಸೆಕೆಂಡಿನ ಅಲೆಗಳು ಸಿಗುವುದು 180. ಇಷ್ಟು ಕಡಿಮೆ ಅಲೆಗಳಿಂದ ತೆಗೆದ ಲೆಕ್ಕ ತಾನಾಗಿಯೇ ಶೇಕಡಾ ಐದರ ಸುಮಾರಿಗೆ ಆಚೀಚೆ ಆಗುತ್ತದೆ. ಒಂದೇ ಕಡಲಿನಲ್ಲಿ ಅರ್ಧ ಕಿಲೋಮೀಟರ್ ಅಂತರದಲ್ಲಿ ಎರಡು ಚೊಕ್ಕ ಬೋಯ್ ಇಟ್ಟರೂ ಒಂದು 3 ಮೀಟರ್, ಇನ್ನೊಂದು 2.85 ಅಂತ ಹೇಳಬಹುದು. ಎರಡೂ ಸರಿಯೇ. ಹಾಗಿರುವಾಗ ಒಂದು ಕಂಪನಿ 1 ಸೆಂಟಿಮೀಟರ್, ಇನ್ನೊಂದು 2 ಸೆಂಟಿಮೀಟರ್ ಅಂತ ಬರೆದದ್ದನ್ನು ಹಿಡಿದು ಆರಿಸಿದರೆ ಏನು ಸಿಕ್ಕಿತು?

ಒಳಗಿನ ಚಿಪ್ಪಿಗೆ ಏನು ಕೇಳಿಸುತ್ತದೆ

ಹೆಚ್ಚಿನ ಬೋಯ್‌ಗಳ ಹೊಟ್ಟೆಯೊಳಗೆ ಇರುವುದು ಆಕ್ಸೆಲೆರೋಮೀಟರ್. ಮೊಬೈಲ್ ಅಡ್ಡ ಹಿಡಿದರೆ ಪರದೆಯನ್ನೂ ಅಡ್ಡ ಮಾಡುವ ಅದೇ ಚಿಪ್ಪು. ವೇಗ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದು ಅದಕ್ಕೆ ಗೊತ್ತಾಗುತ್ತದೆ. ಅದನ್ನು ಎರಡು ಸಲ ಇಂಟಿಗ್ರೇಟ್ ಮಾಡಿದರೆ, ಅಂದರೆ ಕ್ಷಣ ಕ್ಷಣದ ಬದಲಾವಣೆಯನ್ನು ಕೂಡಿಸುತ್ತಾ ಹೋದರೆ, ಎತ್ತರ ಸಿಗಬೇಕು.

ತೊಂದರೆ ಇರುವುದೇ ಇಲ್ಲಿ. ಒಂದು ಅಲೆ ಬೋಯನ್ನು ಸರಾಸರಿ ಮಟ್ಟದಿಂದ 1 ಮೀಟರ್ ಮೇಲೆತ್ತುತ್ತದೆ ಅಂತ ಇಟ್ಟುಕೊಳ್ಳಿ. ಅವಧಿ 5 ಸೆಕೆಂಡು ಆದರೆ ಚಿಪ್ಪಿಗೆ ಸಿಗುವ ಸಿಗ್ನಲ್ ಸೆಕೆಂಡಿಗೆ ಸೆಕೆಂಡಿಗೆ 1.58 ಮೀಟರ್. ಅಷ್ಟೇ ಎತ್ತರದ ಅಲೆ 20 ಸೆಕೆಂಡಿನದಾದರೆ ಬರೀ 0.1. ಹದಿನಾರನೇ ಒಂದು ಭಾಗ! ಗುರುತ್ವ 9.8 ಇದೆಯಲ್ವಾ, ಅದರ ನೂರನೇ ಒಂದು ಪಾಲು. ಬೋಯ್ ಸ್ವಲ್ಪ ಓರೆಯಾದರೆ ಈ ಸಿಗ್ನಲ್ ಗುರುತ್ವದೊಳಗೇ ಮುಳುಗಿಹೋಗುತ್ತದೆ. ಹತ್ತು ಡಿಗ್ರಿ ವಾಲಿದರೆ ಚಿಪ್ಪು ಗುರುತ್ವವನ್ನು ಶೇಕಡಾ 1.5ರಷ್ಟು ಕಡಿಮೆ ಓದುತ್ತದೆ, ಅಂದರೆ 0.15. ನೀವು ಹುಡುಕುತ್ತಿರುವ ಅಲೆಗಿಂತ ತಪ್ಪೇ ದೊಡ್ಡದು.

ನಾನು ಇದನ್ನು ಪುಸ್ತಕ ಓದಿ ಕಲಿತದ್ದಲ್ಲ, ಕೈ ಸುಟ್ಟುಕೊಂಡು ಕಲಿತದ್ದು. ಅಗ್ಗದ ಚಿಪ್ಪೊಂದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಪ್ರೋಗ್ರಾಂ ಬರೆದು, ಕಡಲಿಗೆ ಹೋಗುವ ಮೊದಲು ಒಂದು ರಾತ್ರಿ ಊಟದ ಮೇಜಿನ ಮೇಲೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ನಮ್ಮ ಮನೆ ಮೇಜಿನ ಮೇಲೆ ಅರ್ಧ ಮೀಟರ್ ಅಲೆ ಎದ್ದಿತ್ತು. ಚಿಪ್ಪಿನ ಸಣ್ಣ ಗುಂಯ್‌ಗುಡುವಿಕೆ ಎರಡು ಸಲ ಇಂಟಿಗ್ರೇಟ್ ಆಗಿ, ಉದ್ದ ಅವಧಿಯ ಕಡೆ ಉಬ್ಬಿ ಉಬ್ಬಿ ಅಲೆಯಾಗಿಬಿಟ್ಟಿತ್ತು. ಇದಕ್ಕೆ ಎಲ್ಲರೂ ಮಾಡುವ ಮದ್ದು ಏನೆಂದರೆ ಇಷ್ಟು ಸೆಕೆಂಡಿಗಿಂತ ಉದ್ದದ್ದನ್ನೆಲ್ಲ ಕತ್ತರಿಸಿ ಬಿಸಾಡುವುದು. ಎಲ್ಲಿ ಕತ್ತರಿಸಿದ್ದಾರೆ ಅನ್ನುವುದೇ ಆ ಕೊನೆಯ ಪುಟದ ಸಣ್ಣಕ್ಷರ.

ಆ ಉದ್ದ ಅಲೆ ಯಾರಿಗೆ ಬೇಕು ಅಂತ ಕೇಳಬಹುದು. ನಮ್ಮ ಪಶ್ಚಿಮ ಕರಾವಳಿಯವರಿಗೆ ಬೇಕು. ದಕ್ಷಿಣ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆ ಸಾವಿರಾರು ಕಿಲೋಮೀಟರ್ ದಾಟಿ ಬರುವಾಗ ಎತ್ತರ ಕಳೆದುಕೊಂಡಿರುತ್ತದೆ, ಅವಧಿ ಕಳೆದುಕೊಂಡಿರುವುದಿಲ್ಲ. ಇಲ್ಲಿ ಗಾಳಿ ಇಲ್ಲ, ಆಕಾಶ ತಿಳಿ, ಆದರೂ ನೀರು ರಸ್ತೆಗೆ ಬರುತ್ತದೆ. ಕೇರಳದವರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳನಂತೆ ಬರುವ ಕಡಲು. ಹೈದರಾಬಾದಿನ ಇಂಕಾಯಿಸ್ (ಕೇಂದ್ರ ಸರ್ಕಾರದ ಕಡಲ ಮಾಹಿತಿ ಸಂಸ್ಥೆ) ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. 12 ಸೆಕೆಂಡಿಗೇ ಕತ್ತರಿ ಹಾಕಿರುವ ಬೋಯ್ ಇದ್ದರೆ ಆ ದಿನ ಅದು "ಕಡಲು ಶಾಂತ" ಅಂತ ಹೇಳಿ ಕೂತಿರುತ್ತದೆ.

ಹಳೆಯ ಹುಲಿ: ವೇವ್‌ರೈಡರ್

ನೆದರ್ಲೆಂಡ್ಸಿನ ಡೇಟಾವೆಲ್ ಕಂಪನಿಯ ವೇವ್‌ರೈಡರ್ ಜಗತ್ತಿನಾದ್ಯಂತ ಅಳತೆಗೋಲಿನ ಹಾಗೆ. ಹೊಸ ಬೋಯ್ ಯಾರು ಮಾಡಿದರೂ ಮೊದಲು ಇದರ ಪಕ್ಕ ಬಿಟ್ಟು ಹೋಲಿಸುತ್ತಾರೆ. ಹಳದಿ ಚೆಂಡಿನಂಥ ಇದನ್ನು ಇಂಕಾಯಿಸ್‌ನವರು ಕಾರವಾರದ ಎದುರೂ ಬಿಟ್ಟಿದ್ದಾರೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಹೊನ್ನಾವರ, ಮಲ್ಪೆ ಕಡೆ ಅಳೆದದ್ದೂ ಇದರಿಂದಲೇ.

ಓರೆಯಾಗುವ ಸಮಸ್ಯೆಗೆ ಇವರು ಹುಡುಕಿದ ಉಪಾಯ ನನಗೆ ಬಹಳ ಇಷ್ಟ. ಆಕ್ಸೆಲೆರೋಮೀಟರನ್ನು ಬೋಯ್‌ಗೆ ಗಟ್ಟಿಯಾಗಿ ಕಟ್ಟುವುದಿಲ್ಲ. ದ್ರವ ತುಂಬಿದ ಗೋಳದೊಳಗೆ ಒಂದು ತಟ್ಟೆಯನ್ನು ತೇಲಾಡಲು ಬಿಟ್ಟು ಅದರ ಮೇಲೆ ಕೂರಿಸುತ್ತಾರೆ. ಆ ತಟ್ಟೆಯ ತೂಗಾಟದ ಅವಧಿ ಅಲೆಗಳ ಅವಧಿಗಿಂತ ಉದ್ದ. ಹೊರಗಿನ ಚೆಂಡು ಎಷ್ಟೇ ಒದ್ದಾಡಿದರೂ ಒಳಗಿನ ತಟ್ಟೆ ಅಷ್ಟು ಬೇಗ ಅಲುಗಾಡಲಾರದು, ಮಟ್ಟಸವಾಗಿಯೇ ಇರುತ್ತದೆ. ಕಂಪ್ಯೂಟರ್ ಲೆಕ್ಕ ಬೇಕಾಗಿಲ್ಲ, ಲೋಲಕವೇ ಕೆಲಸ ಮಾಡಿ ಮುಗಿಸುತ್ತದೆ. ಹಾಗಾಗಿ 1.6 ಸೆಕೆಂಡಿನಿಂದ 30 ಸೆಕೆಂಡಿನವರೆಗೆ ನಂಬಿಕೆಯಿಂದ ಅಳೆಯುತ್ತದೆ.

ಸರಿ, ಕೊರತೆ ಏನು? ದುಡ್ಡು ಜಾಸ್ತಿ. 90 ಸೆಂಟಿಮೀಟರ್ ವ್ಯಾಸದ್ದು ಇನ್ನೂರು ಕಿಲೋ ದಾಟುತ್ತದೆ, ಅದನ್ನು ಇಳಿಸಲು ವಿಂಚ್ ಇರುವ ದೋಣಿ ಬೇಕು, ಮಳೆಗಾಲದಲ್ಲಿ ಆ ದೋಣಿ ಹೊರಡಲ್ಲ. ಒಳಗಿನ ತಟ್ಟೆ ತೆಳು ತಂತಿಗಳ ಮೇಲೆ ನಿಂತಿರುವುದರಿಂದ ಬೋಯನ್ನು ನೆಲದ ಮೇಲೆ ಗಿರಗಿರ ಉರುಳಿಸಿದರೆ ಮುಗಿಯಿತು. ಲಾರಿಯಿಂದ ಇಳಿಸುವ ಹುಡುಗರು ಚೆಂಡು ಕಂಡ ತಕ್ಷಣ ಮಾಡುವ ಮೊದಲ ಕೆಲಸ ಅದೇ! ಮುಂಚೆಯೇ ಹೇಳಿಡಿ.

ಜಿಪಿಎಸ್ ಬೋಯ್: ಹಗುರ, ಆದರೆ ತಲೆ ಒದ್ದೆಯಾಗಬಾರದು

ಇದರ ದಾರಿ ಬೇರೆ. ಉಪಗ್ರಹದ ಸಿಗ್ನಲ್ಲಿನ ಡಾಪ್ಲರ್ ವ್ಯತ್ಯಾಸದಿಂದ (ಚಲನೆಯಿಂದ ಸಿಗ್ನಲ್ಲಿನ ಕಂಪನದಲ್ಲಿ ಆಗುವ ಬದಲಾವಣೆ) ಬೋಯ್ ತನ್ನ ವೇಗವನ್ನು ತಿಳಿದುಕೊಳ್ಳುತ್ತದೆ. ನಿಂತ ಜಾಗ ಅಲ್ಲ, ವೇಗ. ನಿಮ್ಮ ಮೊಬೈಲ್ ಜಾಗವನ್ನು ಐದಾರು ಮೀಟರ್ ತಪ್ಪಾಗಿ ತೋರಿಸಬಹುದು, ವೇಗವನ್ನು ಮಾತ್ರ ಸೆಕೆಂಡಿಗೆ ಕೆಲವು ಸೆಂಟಿಮೀಟರ್‌ವರೆಗೂ ಹಿಡಿಯಬಹುದು. ವೇಗದಿಂದ ಎತ್ತರಕ್ಕೆ ಬರಲು ಒಂದೇ ಸಲ ಇಂಟಿಗ್ರೇಟ್ ಮಾಡಿದರೆ ಸಾಕು, ಆದ್ದರಿಂದ ಉದ್ದ ಅಲೆಯಲ್ಲಿ ಆ ಮೇಜಿನ ಮೇಲಿನ ಭೂತ ಅಷ್ಟು ಕಾಡುವುದಿಲ್ಲ. ಬೋಯ್ ಓರೆಯಾದರೂ ಚಿಂತೆ ಇಲ್ಲ, ಗುರುತ್ವ ಈ ಲೆಕ್ಕದೊಳಗೆ ಬರುವುದೇ ಇಲ್ಲ. ಕ್ಯಾಲಿಬ್ರೇಶನ್ ಗೋಳೂ ಇಲ್ಲ. ಮೂರೂ ದಿಕ್ಕಿನ ವೇಗ ಸಿಗುವುದರಿಂದ ಅಲೆ ಎತ್ತ ಕಡೆಯಿಂದ ಬರುತ್ತಿದೆ ಅನ್ನುವುದೂ ಸಿಗುತ್ತದೆ.

ಸೋಫಾರ್ ಕಂಪನಿಯ ಸ್ಪಾಟರ್ ಈ ಜಾತಿಯದು. ಸೋಲಾರ್ ಮೇಲೆ ನಡೆಯುತ್ತದೆ, ಒಬ್ಬರೇ ಎತ್ತಿ ದೋಣಿಯ ಅಂಚಿನಿಂದ ಬಿಡಬಹುದು. ವೇವ್‌ರೈಡರ್‌ನವರದ್ದೇ 40 ಸೆಂಟಿಮೀಟರಿನ ಜಿಪಿಎಸ್ ತಮ್ಮನೂ ಇದ್ದಾನೆ.

ಕೊರತೆ ಒಂದು: ಸಮುದ್ರದ ನೀರನ್ನು ತೂರಿಕೊಂಡು ಜಿಪಿಎಸ್ ಸಿಗ್ನಲ್ ಬರುವುದಿಲ್ಲ. ಅಲೆಯ ತಲೆ ಮುರಿದು ಬೋಯ್ ಮೇಲೆ ಸುರಿದರೆ ಆ ಕ್ಷಣದ ದಾಖಲೆಯಲ್ಲಿ ತೂತು. ಯಾವಾಗ ಹೀಗಾಗುತ್ತದೆ? ಅಲೆ ಅತಿ ದೊಡ್ಡದಾಗಿದ್ದಾಗ, ಅಂದರೆ ನಿಮಗೆ ಅದು ಅತಿ ಹೆಚ್ಚು ಬೇಕಾಗಿದ್ದಾಗಲೇ. ತೂತು ಬಿದ್ದ ಕಡೆ ಪ್ರೋಗ್ರಾಂ ಏನು ಮಾಡುತ್ತದೆ ಅಂತ ಮಾರುವವರನ್ನು ಕೇಳಿ. "ಸರಾಗವಾಗಿ ತುಂಬಿಸುತ್ತದೆ" ಅಂದರೆ ಅಲ್ಲೇ ಅನುಮಾನ ಪಡಿ.

ಕೊರತೆ ಎರಡು ನಮ್ಮ ದೇಶದ್ದು. ಇಂಥ ಹಲವು ಬೋಯ್‌ಗಳು ಮಾಹಿತಿ ಕಳಿಸುವುದು ಇರಿಡಿಯಂ ಉಪಗ್ರಹದ ಮೂಲಕ. ಭಾರತದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಅಂಥ ಸಾಧನ ಇಟ್ಟುಕೊಳ್ಳುವಂತಿಲ್ಲ. ಹೊರದೇಶದಿಂದ ಸುಮ್ನೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬೇಡಿ. ದಡದಿಂದ ಕಾಣುವಷ್ಟು ದೂರದಲ್ಲಾದರೆ ಮೊಬೈಲ್ ಸಿಮ್ ಇರುವ ಮಾದರಿಯೇ ಸಾಕು. ಏನೇ ಬಿಡುವುದಾದರೂ ಬಂದರು ಇಲಾಖೆಗೆ ತಿಳಿಸಿಯೇ ಬಿಡಿ.

ಕೈಯಾರೆ ಮಾಡಿಕೊಳ್ಳುವುದು

ಕಾಲೇಜು ಪ್ರಾಜೆಕ್ಟಿನವರಿಗೆ ನಾನು ಹೇಳುವುದು ಇದನ್ನೇ. ನಾರ್ವೆಯ ಹವಾಮಾನ ಸಂಸ್ಥೆಯ ಕಡೆಯಿಂದ ಬಂದ ಓಪನ್‌ಮೆಟ್‌ಬೋಯ್ ಅಂತ ಇದೆ. ನಕ್ಷೆ, ಪ್ರೋಗ್ರಾಂ ಎಲ್ಲ ಬಿಟ್ಟಿ, ಬಿಡಿಭಾಗಕ್ಕೆ ಕೆಲವು ನೂರು ಡಾಲರ್. ಆರ್ಕ್ಟಿಕ್‌ನ ಮಂಜುಗಡ್ಡೆ ಕಡಲಿನಲ್ಲಿ ಬೋಯ್ ವಾಪಸ್ ಸಿಗುವ ಆಸೆ ಇಲ್ಲ, ಆದ್ದರಿಂದ ಕಳೆದುಹೋದರೂ ಅಳದಷ್ಟು ಅಗ್ಗದ್ದು ಬೇಕು ಅಂತ ಮಾಡಿಕೊಂಡದ್ದು. ಆಕ್ಸೆಲೆರೋಮೀಟರ್ ಜತೆ ಜೈರೋಸ್ಕೋಪ್ ಇದೆ, ಎಷ್ಟು ಓರೆಯಾಗಿದೆ ಅಂತ ಲೆಕ್ಕ ಹಾಕಿ ಗುರುತ್ವವನ್ನು ಕಳೆಯುತ್ತದೆ. ಲೋಲಕ ಮಾಡುವ ಕೆಲಸವನ್ನು ಇಲ್ಲಿ ಗಣಿತ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ನೀವೇ ಮಾಡಿದರೆ ಪರೀಕ್ಷೆ ಮಾಡದೆ ಮಾತ್ರ ಕಡಲಿಗೆ ಬಿಡಬೇಡಿ. ಮೊದಲು ಮೇಜಿನ ಪರೀಕ್ಷೆ. ಆಮೇಲೆ ಜಾತ್ರೆ! ನಾನು ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು ಜೈಂಟ್ ವೀಲ್ ಹತ್ತಿದ್ದೆ. ತಮಾಷೆ ಅಲ್ಲ, ಬೋಯ್ ಕಂಪನಿಗಳು ತಮ್ಮ ಕಾರ್ಖಾನೆಯಲ್ಲಿ ಇಟ್ಟುಕೊಂಡಿರುವುದೂ ಇಂಥದ್ದೇ ಒಂದು ತಿರುಗುವ ಚೌಕಟ್ಟು. ತೊಟ್ಟಿಲು ನೆಟ್ಟಗೇ ಇರುತ್ತದೆ, ನೀವು ವೃತ್ತದಲ್ಲಿ ಏರಿಳಿಯುತ್ತೀರಿ, ಆಳ ನೀರಿನ ಅಲೆಯ ಮೇಲೆ ಬೋಯ್ ತಿರುಗುವುದೂ ಹಾಗೆಯೇ. ಚಕ್ರದ ಅರ್ಧ ವ್ಯಾಸ 5 ಮೀಟರ್, ಒಂದು ಸುತ್ತಿಗೆ 14 ಸೆಕೆಂಡು. ಅಂದರೆ ಕೆಳಗಿನಿಂದ ಮೇಲಕ್ಕೆ 10 ಮೀಟರ್. ನನ್ನ ಪ್ರೋಗ್ರಾಂ "ಅಲೆಯ ಎತ್ತರ 14 ಮೀಟರ್" ಅಂದಿತು. ತಲೆ ಕೆಟ್ಟು ಎರಡು ದಿನ ಕೋಡ್ ಕೆದಕಿದೆ. ಕೊನೆಗೆ ನೋಡಿದರೆ ಪ್ರೋಗ್ರಾಂ ಹೇಳಿದ್ದೇ ಸರಿ. ನಾಲ್ಕರಿಂದ ಗುಣಿಸುವ ಆ ಲೆಕ್ಕ ಚಿಕ್ಕ ದೊಡ್ಡ ಅಲೆ ಕಲಸಿರುವ ನಿಜವಾದ ಕಡಲಿಗೆ ಹೊಂದುತ್ತದೆ, ಒಂದೇ ಅಳತೆಯ ಅಲೆ ಬರುತ್ತಲೇ ಇದ್ದರೆ 1.41 ಪಟ್ಟು ಜಾಸ್ತಿ ಹೇಳುತ್ತದೆ. ನೀವು ಈ ಪರೀಕ್ಷೆ ಮಾಡಿದರೆ ನನ್ನ ಹಾಗೆ ಎರಡು ದಿನ ಕಳೆಯಬೇಡಿ.

ದೊಡ್ಡ ಹವಾಮಾನ ಬೋಯ್, ದಿಕ್ಕಿನ ಪ್ರಶ್ನೆ

ಅಮೆರಿಕದ ಎನ್‌ಡಿಬಿಸಿಯವರು (ಸರ್ಕಾರದ ಬೋಯ್ ಮಾಹಿತಿ ಕೇಂದ್ರ) ಬಿಡುವ 3 ಮೀಟರ್ ಅಗಲದ ತಟ್ಟೆಯಂಥ ಬೋಯ್ ನೀವು ಕೊಳ್ಳುವ ವಸ್ತು ಅಲ್ಲ, ಆದರೆ ಅದರ ಅಂಕಿ ಬಳಸುತ್ತೀರಿ ಅಂತಾದರೆ ಒಂದು ಮಾತು. ಗಾಳಿ, ಒತ್ತಡ, ಉಷ್ಣತೆ ಎಲ್ಲ ಅಳೆಯಲು ಕಟ್ಟಿದ್ದು, ಅಲೆ ಅದರ ಉಪಕಸುಬು. 2 ಸೆಕೆಂಡಿನ ಅಲೆಯ ಉದ್ದ ಸುಮಾರು 6 ಮೀಟರ್. ಅದರ ಮೇಲೆ 3 ಮೀಟರ್ ತಟ್ಟೆ ಹತ್ತಿ ಇಳಿಯುವುದು ಕಷ್ಟ. ಹಾಗಾಗಿ ಪುಟ್ಟ ಅಲೆಗಳು ಅದಕ್ಕೆ ಕಾಣಿಸುವುದೇ ಇಲ್ಲ.

ದಿಕ್ಕು ಹೇಗೆ ಗೊತ್ತಾಗುತ್ತದೆ ಅಂದರೆ, ಬೋಯ್ ಏರುವುದರ ಜತೆಗೆ ಯಾವ ಕಡೆಗೆ ವಾಲಿತು ಅಂತ ನೋಡಿ. ಬ್ರಿಟನ್ನಿನ ಲಾಂಗೆ-ಹಿಗಿನ್ಸ್, ಕಾರ್ಟ್‌ರೈಟ್, ಸ್ಮಿತ್ ಮೂವರೂ 1963ರಲ್ಲಿ ಇದರ ಗಣಿತ ಕೊಟ್ಟರು. ಇವತ್ತಿಗೂ ವಾಲುವ ಬೋಯ್, ಜಿಪಿಎಸ್ ಬೋಯ್, ಎಲ್ಲವೂ ಅದೇ ಅಡಿಪಾಯದ ಮೇಲೆ ನಿಂತಿವೆ. ಅದರ ಮಿತಿಯೂ ಎಲ್ಲಕ್ಕೂ ಒಂದೇ: ಒಂದೊಂದು ಅವಧಿಗೆ ಬರೀ ಐದು ಸಂಖ್ಯೆ ಸಿಗುತ್ತವೆ. ಒಂದೇ ಅವಧಿಯ ಅಲೆಗಳು ಎರಡು ಕಡೆಯಿಂದ ಬಂದು ಅಡ್ಡ ಹಾಯ್ದರೆ ಬೋಯ್ ನಡುವಿನ ಒಂದು ದಿಕ್ಕು ಹೇಳಿ ಕೈ ತೊಳೆದುಕೊಳ್ಳಬಹುದು. ಮಳೆಗಾಲಕ್ಕೆ ಮುಂಚೆ ನಮ್ಮ ಕರಾವಳಿಯಲ್ಲಿ ನೈಋತ್ಯದಿಂದ ಉದ್ದ ಸ್ವೆಲ್ (ದೂರದ ಬಿರುಗಾಳಿಯಿಂದ ಬಂದ ಅಲೆ) ಬರುತ್ತಿರುತ್ತದೆ, ಮಧ್ಯಾಹ್ನದ ಕಡಲ ಗಾಳಿಗೆ ವಾಯವ್ಯದಿಂದ ಪುಟ್ಟ ಅಲೆ ಏಳುತ್ತದೆ. ಅವಧಿ ಬೇರೆ ಬೇರೆ ಇರುವುದರಿಂದ ಅಲ್ಲಿ ಬಚಾವ್.

ಹಡಗನ್ನೇ ಬೋಯ್ ಮಾಡಿಕೊಂಡರೆ?

ಕೇಳಲು ಚೆಂದ. ಹಡಗು ಹೇಗೂ ತೇಲುತ್ತಿದೆ, ಅದರಲ್ಲಿ ಏರಿಳಿತ, ವಾಲಾಟ ಅಳೆಯುವ ಸೆನ್ಸರ್ ಹೇಗೂ ಇದೆ, ಅಲೆ ಬಿಟ್ಟಿ ಸಿಗಬೇಕಲ್ವಾ? ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಆದರೆ ಎರಡು ಗಂಟು ಇವೆ.

ಒಂದು, ಹಡಗು ದೊಡ್ಡದು. 10 ಸೆಕೆಂಡಿನ ಅಲೆಯ ಉದ್ದ 156 ಮೀಟರ್, 200 ಮೀಟರ್ ಹಡಗಿಗೆ ಅದು ಲೆಕ್ಕಕ್ಕೇ ಇಲ್ಲ. ಒಂದೇ ಹೊತ್ತಿಗೆ ಮೂತಿಯ ಹತ್ತಿರ ಏರು, ನಡುವೆ ಇಳಿತ, ಒಟ್ಟಾರೆ ಹಡಗು ಹೆಚ್ಚು ಅಲುಗಾಡುವುದಿಲ್ಲ. ಅಲುಗಾಡದ್ದರಿಂದ ಅಲೆ ಕಂಡುಹಿಡಿಯುವುದು ಹೇಗೆ? ಯಾವ ಅಲೆಗೆ ಹಡಗು ಎಷ್ಟು ಕುಣಿಯುತ್ತದೆ ಅನ್ನುವ ಪಟ್ಟಿ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಬೇಕು. ಸರಕು ತುಂಬಿದಾಗ ಆ ಪಟ್ಟಿ ಒಂದು, ಖಾಲಿ ಇದ್ದಾಗ ಇನ್ನೊಂದು.

ಎರಡನೆಯದು ಇನ್ನೂ ಕೆಟ್ಟದ್ದು. ಹಡಗು ಓಡುತ್ತಿದೆ. 15 ನಾಟ್ (ಗಂಟೆಗೆ ಸುಮಾರು 28 ಕಿಲೋಮೀಟರ್) ವೇಗದಲ್ಲಿ ಹೋಗುವಾಗ ಹಿಂದಿನಿಂದ 10 ಸೆಕೆಂಡಿನ ಅಲೆ ಬಂದರೆ ಹಡಗಿಗೆ ಅದು ಹತ್ತಿರ ಹತ್ತಿರ 20 ಸೆಕೆಂಡಿನದಾಗಿ ಕಾಣುತ್ತದೆ, ಅಲೆಯೂ ಓಡುತ್ತಿದೆ ಹಡಗೂ ಓಡುತ್ತಿದೆಯಲ್ಲ. ಬೇರೆ ಬೇರೆ ಮೂರು ಅವಧಿಯ ಅಲೆಗಳು ಹಡಗಿನೊಳಗೆ ಒಂದೇ ಅವಧಿಯಾಗಿ ಕಾಣುವ ಪರಿಸ್ಥಿತಿಯೂ ಇದೆ. ಆಗ ಯಾವುದು ಯಾವುದು ಅಂತ ಬಿಡಿಸುವುದು ಕಷ್ಟ. ಹಡಗು ಕಂಪನಿಯವರಿಗೆ "ನಮ್ಮ ದಾರಿಯಲ್ಲಿ ಅಲೆ ಹೇಗಿತ್ತು" ಅಂತ ತಿಳಿಯಲು ಇದು ಸಾಕು. ಬಂದರಿನ ಗೋಡೆ ಕಟ್ಟುವ ಲೆಕ್ಕಕ್ಕೆ ಸಾಲದು.

ನಾಡದೋಣಿಯಲ್ಲಿ ಮೊಬೈಲ್ ಇಟ್ಟು ಅಳೆಯಬಹುದಾ ಅಂತಲೂ ಕೇಳುತ್ತಾರೆ. ಇಂಜಿನ್ ನಿಲ್ಲಿಸಿ, ಮೊಬೈಲನ್ನು ದೋಣಿಯ ನಡುವೆ ಗಟ್ಟಿಯಾಗಿ ಕಟ್ಟಿ, ಇಪ್ಪತ್ತು ನಿಮಿಷ ಯಾರೂ ಅತ್ತಿತ್ತ ಓಡಾಡದಿದ್ದರೆ ಒಂದು ಅಂದಾಜು ಸಿಗುತ್ತದೆ. ದೋಣಿ ತುಂಬಾ ಜನ ಇದ್ದರೆ ಆ ಇಪ್ಪತ್ತು ನಿಮಿಷ ಸಿಗುವುದಿಲ್ಲ.

ಹಗ್ಗ

ಒಳ್ಳೆಯ ಬೋಯ್ ಕೊಂಡು ಅದನ್ನು ಕಡಲ ತಳಕ್ಕೆ ಕಟ್ಟುವ ಹಗ್ಗದಲ್ಲಿ ಉಳಿತಾಯ ಮಾಡಿದವರ ಸಾಲಿನಲ್ಲಿ ನಾನೂ ಇದ್ದೇನೆ. ನಮ್ಮದು ಇಳಿತದಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಭರತದಲ್ಲಿ ನೀರು ಏರಿ, ಜತೆಗೆ ಸೆಳೆತವೂ ಸೇರಿದಾಗ ಹಗ್ಗ ಬಿಗಿಯಾಗಿ ಅಲೆಯ ತಲೆ ಬಂದಾಗಲೆಲ್ಲ ಬೋಯ್ ನೀರೊಳಗೆ ಮುಳುಗಿ ಏಳುತ್ತಿತ್ತು. ಅಂಕಿ ನೋಡಿದರೆ ಎಷ್ಟು ಜೋರು ಗಾಳಿಗೂ ಅಲೆ ಒಂದು ಎತ್ತರಕ್ಕಿಂತ ಮೇಲೆ ಹೋಗುತ್ತಲೇ ಇರಲಿಲ್ಲ, ಕತ್ತರಿಸಿಟ್ಟ ಹಾಗೆ. ವೇವ್‌ರೈಡರ್‌ನವರು ಹಗ್ಗದ ನಡುವೆ ಉದ್ದನೆಯ ರಬ್ಬರ್ ಸೇರಿಸುವುದು ಇದಕ್ಕೇ. ಬೋಯ್‌ನ ದುಡ್ಡಿನ ಜತೆಗೇ ರಬ್ಬರಿನ ದುಡ್ಡನ್ನೂ ತೆಗೆದಿಡಿ. ಹಗ್ಗವೇ ಬೇಡ, ತೇಲಿಬಿಡುತ್ತೇನೆ ಅಂದರೆ ನಡುಗಡಲಿನಲ್ಲಿ ಬಹಳ ಒಳ್ಳೆಯದು, ದಡದ ಹತ್ತಿರ ಬಿಟ್ಟರೆ ಎರಡು ಮೂರು ದಿನದಲ್ಲಿ ಮರಳಿನ ಮೇಲೆ.

ಅಲೆ ಮುರಿಯುವ ಜಾಗಕ್ಕೆ, ಅಳಿವೆ ಬಾಗಿಲಿನ ನೊರೆಯೊಳಕ್ಕೆ, ಯಾವ ಬೋಯ್ ಕೂಡ ಬೇಡ. ಅಲ್ಲಿ ತಳದಲ್ಲಿ ಕೂರುವ ಒತ್ತಡದ ಸೆನ್ಸರ್ ಇಡಿ. ಇನ್ನೊಂದು ಗುಣ: ಬೋಯ್ ನೀರಿನ ಜತೆ ತಾನೂ ಮುಂದೆ ಹಿಂದೆ ಸರಿಯುವುದರಿಂದ ಅಲೆಯ ಚೂಪು ತಲೆಯನ್ನು ಸ್ವಲ್ಪ ಮೊಂಡು ಮಾಡಿ ತೋರಿಸುತ್ತದೆ. 1995ರ ಜನವರಿ 1ರಂದು ಉತ್ತರ ಸಮುದ್ರದ ಡ್ರಾಪ್ನರ್ ಅನಿಲ ಕಟ್ಟೆಯಲ್ಲಿ (ಪ್ಲಾಟ್‌ಫಾರ್ಮ್) ಸಿಕ್ಕ 25.6 ಮೀಟರಿನ ಒಂಟಿ ಅಲೆಯನ್ನು ಹಿಡಿದದ್ದು ಮೇಲಿನಿಂದ ಕೆಳಗೆ ನೋಡುವ ಲೇಸರ್. ಹಾಗಂತ ಬೋಯ್ ದೊಡ್ಡದನ್ನು ಹಿಡಿಯಲ್ಲ ಅಂತಲ್ಲ. 2020ರ ನವೆಂಬರಿನಲ್ಲಿ ಕೆನಡಾದ ಯೂಕ್ಲುಲೆಟ್ ಎದುರು ಸಿಕ್ಕ 17.6 ಮೀಟರಿನ ಅಲೆ, ಸುತ್ತಲಿನವುಗಳ ಸುಮಾರು ಮೂರು ಪಟ್ಟು, ಸಿಕ್ಕಿದ್ದು ಬೋಯ್‌ಗೇ.

ಹಾಗಾದರೆ ಯಾವುದು ಕೊಳ್ಳಲಿ? ಬಂದರು, ತಡೆಗೋಡೆ, ವರ್ಷಗಟ್ಟಲೆ ದಾಖಲೆ ಬೇಕು, ದುಡ್ಡೂ ಇದೆ ಅಂದರೆ ವೇವ್‌ರೈಡರ್, ಯೋಚನೆ ಬೇಡ. ದುಡ್ಡು ಅಷ್ಟಿಲ್ಲ, ಸಣ್ಣ ದೋಣಿಯಲ್ಲಿ ಹೋಗಿ ಇಳಿಸಬೇಕು, ದೂರದ ಸ್ವೆಲ್ ಮುಖ್ಯ ಅಂದರೆ ಜಿಪಿಎಸ್ ಬೋಯ್. ಕಲಿಯಲು, ಅಥವಾ ಒಂದರ ಬದಲು ಹತ್ತು ಬಿಟ್ಟು ಜಾಗ ಜಾಗಕ್ಕೆ ಅಲೆ ಹೇಗೆ ಬದಲಾಗುತ್ತದೆ ಅಂತ ನೋಡಲು ಕೈಯಾರೆ ಮಾಡಿದ್ದು. ನನ್ನನ್ನು ಕೇಳಿದರೆ ಒಂದು ದುಬಾರಿಯದಕ್ಕಿಂತ ಎರಡು ಮಧ್ಯಮದವು ವಾಸಿ, ಒಂದು ಕೆಟ್ಟಾಗ ಕೆಟ್ಟದ್ದು ಯಾವುದು ಅಂತಲಾದರೂ ಅನುಮಾನ ಬರುತ್ತದೆ. ಮತ್ತೆ, ಬರೀ ಎತ್ತರ, ಅವಧಿ ಕೊಟ್ಟು ಮೂಲ ದಾಖಲೆ ಕೊಡದ ಬೋಯ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಮೇಜಿನ ಮೇಲಿನ ಅಲೆಯನ್ನು ನಾನು ಕಂಡುಹಿಡಿದದ್ದು ಮೂಲ ದಾಖಲೆ ಇದ್ದದ್ದರಿಂದ.

ಕಳ್ಳತನದ ಮಾತು ಬಂದೇ ಬರುತ್ತದೆ. ತೇಲುವ ಯಾವುದರ ಕೆಳಗಾದರೂ ಮೀನು ಸೇರುತ್ತದೆ. ಮೀನು ಸೇರಿದಲ್ಲಿಗೆ ದೋಣಿ ಬರುತ್ತದೆ, ಬಂದ ದೋಣಿ ಬೋಯ್‌ಗೇ ಹಗ್ಗ ಕಟ್ಟುತ್ತದೆ, ಆಗ ನಿಮ್ಮ ಅಂಕಿಯಲ್ಲಿ ಬರುವುದು ಅಲೆ ಅಲ್ಲ, ದೋಣಿ. ಯಾಂತ್ರಿಕ ದೋಣಿಗಳಿಗೆ ರಜೆ ಇರುವ ಜೂನ್, ಜುಲೈ ಎರಡು ತಿಂಗಳು ಮಾತ್ರ ನೆಮ್ಮದಿ. ಬೋಯ್ ಬಿಡುವ ಮೊದಲು ಧಕ್ಕೆಗೆ (ಮೀನುದೋಣಿ ನಿಲ್ಲುವ ಕಡೆಗೆ) ಹೋಗಿ ನಾಲ್ಕು ಜನ ತಾಂಡೇಲರ ಜತೆ ಕೂತು ಇದು ಏನು, ಎಲ್ಲಿ ಬಿಡುತ್ತೇವೆ, ಇದರ ಅಂಕಿ ನಿಮ್ಮ ಮೊಬೈಲಿಗೂ ಬರುತ್ತದೆ ಅಂತ ಹೇಳಿ. ಬೋಯ್ ಮೇಲೆ ಫೋನ್ ನಂಬರನ್ನು ದೊಡ್ಡದಾಗಿ, ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿಸಿ. ನನ್ನ ಮೊದಲ ಡಬ್ಬಿ ಹಗ್ಗ ಹರಿದು ಹೋಗಿ ಹನ್ನೊಂದು ದಿನದ ಮೇಲೆ ಒಂದು ಫೋನ್ ಬಂತು. "ನಿಮ್ಮ ಡಬ್ಬ ನಮ್ಮ ಬಲೆಗೆ ಬಿದ್ದದೆ ಮಾರಾಯ್ರೆ, ಲೈಟ್ ಇನ್ನೂ ಮಿಣಿಮಿಣಿ ಅಂತದೆ, ಎಂತ ಮಾಡುದು?" ಕಾರ್ಡಿನಲ್ಲಿ ಹನ್ನೊಂದೂ ದಿನದ ದಾಖಲೆ ಇತ್ತು. ಕೊನೆಯ ನಾಲ್ಕು ಗಂಟೆ ಬಂಗುಡೆ ರಾಶಿಯ ಕೆಳಗಿನದು.